ಕೌದಿ ಮೂಲ್ಯಾಗ, ಪೇಂಟಿಂಗ್ ಗ್ವಾಡಿ ಮ್ಯಾಲೆ (3/5)
ಕೊಪ್ಪಳದಾಗ ಒಂದು ಹ್ಯಾಂಡಿಕ್ರಾಫ್ಟ್ ಅಂಗಡಿಗೆ ಹೋಗಿದ್ವಿ, ಕಿನ್ನಾಳ ಗೊಂಬಿ ಮಸ್ತ್ ಅದಾವ, ಖರೆ ನಾ ಹೋಗಿದ್ದು ಕೌದಿಗೆ. ಮೂಲ್ಯಾಗ ಒಂದು ಸಿಕ್ತು ನೋಡ್ರಿ, ಹಳೆ ಇಳಕಲ್ ಸೀರಿ ತುಣುಕು, ನಡುವ ಯಾರದೋ ಧೋತ್ರದ ಅಂಚು, ಹೊಲಿಗಿ ಸಾಲು ಸುತ್ತಿ ಸುತ್ತಿ ನಡುವಿಗೆ ಬಂದಾವ, ಒಂದು ಕಡೆ ಕೆಂಪು ದಾರ ಮುಗದು ಹಸರು ಹಚ್ಯಾರ, ಅದ ನನಗ ಭಾಳ ಸೇರ್ತು. 1,800 ರೂಪಾಯಿ. ಬಾಜೂಕ ಹಂಪಿ ಕಲ್ಲಿನ ರಥದ ಕ್ಯಾನ್ವಾಸಿಗೆ 9,000! ಯಾಕ್ರೀ ಅಂದ್ರ 'ಅದು ಆರ್ಟ್ ಸರ್, ಇದು ಹೊದಿಯೋದು' ಅಂದ ಅಂಗಡಿಯಾಂವ. ಅಮೆರಿಕಾದ ಅಲಬಾಮಾ ರಾಜ್ಯದಾಗ ಗೀಸ್ ಬೆಂಡ್ ಅನ್ನೋ ಊರಿನ ಹೆಣ್ಮಕ್ಕಳು ಹೊಲದ ಕೌದಿ 2002ರಾಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗ್ವಾಡಿಗೆ ಹಾಕಿದ್ರು ಅಂದೆ, ನಕ್ಕ. ಪೇಂಟಿಂಗ್ ಕೆಳಗ ಸಹಿ ಐತಿ, ಕೌದಿ ಹೊಲದಾಕಿ ಹೆಸರು ಕೇಳಿದ್ರ ಗೊತ್ತಿಲ್ಲಂತ! ಅದಕ್ಕ ಎರಡು ಸ್ಟಾರ್ ಕಟ್. ಕೌದಿ ಮಾತ್ರ ಒಗದ ಮ್ಯಾಲೂ ಬಣ್ಣ ಬಿಟ್ಟಿಲ್ಲ.