ಒಂದು ಬಿಲ್ಲು, ಮನೆಮಂದಿಗೆಲ್ಲ: ಡೈಮಂಡ್ ಇನ್‌ಫಿನಿಟ್ ಎಡ್ಜ್ ಪ್ರೊ ಬಗ್ಗೆ, ಹಲವು ಸೀಸನ್ ಬಳಸಿದ ಮೇಲೆ

ಮನೆಯವರನ್ನು ಬಿಲ್ಲುಬೇಟೆಗೆ ಕರೆದುಕೊಂಡು ಹೋಗಬೇಕು, ಯಾವ ಬಿಲ್ಲು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಹೇಳುವುದು ಇದೇ ಬಿಲ್ಲನ್ನು. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ತಂದದ್ದು. ಈಗ ಅವಳು ಹೈಸ್ಕೂಲ್ ಮುಗಿಸುತ್ತಿದ್ದಾಳೆ. ಅವಳು ಬೆಳೆದಂತೆ ಬಿಲ್ಲೂ ಬೆಳೆಯಿತು. ನನ್ನ ಹೆಂಡತಿಯೂ ಇದರಲ್ಲೇ ಕಲಿತಳು.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ಹತ್ತಿರ. ನನ್ನ ಊರು ಕೊಡಗು. ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುವುದನ್ನು, ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಹಾಗಾಗಿ ಇಲ್ಲಿ ಬೇಟೆಯ ಬಗ್ಗೆ ಬರೆಯುವುದೆಲ್ಲ ವಿಸ್ಕಾನ್ಸಿನ್‌ಗೆ ಮಾತ್ರ. ಇಲ್ಲಿ ಬಿಳಿಬಾಲದ ಜಿಂಕೆಗೆ ಲೈಸೆನ್ಸ್ ಇದೆ, ಸೀಸನ್ ಇದೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರು. 1934ರಲ್ಲೇ ಈ ರಾಜ್ಯದ ಕೊಲಂಬಿಯಾ ಮತ್ತು ಸಾಕ್ ಕೌಂಟಿಗಳಲ್ಲಿ ಬಿಲ್ಲಿಗೆ ಮಾತ್ರ ಅಂತ ಜಿಂಕೆ ಸೀಸನ್ ಇಟ್ಟಿದ್ದರು. ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ ಕುಟುಂಬ ಇದ್ದದ್ದೂ ಮ್ಯಾಡಿಸನ್‌ನಲ್ಲೇ. ಆತ ತಾನೇ ಬಿಲ್ಲು ಮಾಡಿಕೊಂಡು ಬೇಟೆಗೆ ಹೋಗುತ್ತಿದ್ದ. ಹೆಂಡತಿ ಎಸ್ಟೆಲ್ಲಾ ರಾಜ್ಯದ ಮಹಿಳಾ ಬಿಲ್ಲುಗಾರಿಕೆಯ ಚಾಂಪಿಯನ್ ಆಗಿದ್ದರು. ಇದನ್ನು ಮಗಳಿಗೆ ಹೇಳಿದ ದಿನ ಅವಳ ಮುಖ ಅರಳಿತ್ತು.

ಈಗ ಬಿಲ್ಲಿಗೆ ಬರೋಣ. ಇದು ಕಾಂಪೌಂಡ್ ಬಿಲ್ಲು, ಅಂದರೆ ಎರಡು ತುದಿಗೂ ಕ್ಯಾಮ್ ಎಂಬ ಚಕ್ರ ಇರುವಂಥದ್ದು. ಪೂರ್ತಿ ಎಳೆದಾಗ ಚಕ್ರಗಳು ತಿರುಗಿ ಭಾರದ ಬಹುಪಾಲನ್ನು ತಾವೇ ಹೊರುತ್ತವೆ. ಕೈಯಲ್ಲಿ ಉಳಿಯುವುದು ಸುಮಾರು ಐದನೇ ಒಂದು ಭಾಗ. ಮನೆಮಂದಿಗೆ ಮುಖ್ಯವಾಗುವ ಅಂಕಿ ಎರಡು. ಎಳೆಯುವ ಭಾರವನ್ನು 5 ಪೌಂಡ್‌ನಿಂದ 70 ಪೌಂಡ್‌ವರೆಗೆ, ಎಳೆಯುವ ಉದ್ದವನ್ನು 13 ಇಂಚಿನಿಂದ 31 ಇಂಚಿನವರೆಗೆ ಹೊಂದಿಸಬಹುದು. ಅಲೆನ್ ಕೀ ಇದ್ದರೆ ಸಾಕು, ಬಿಲ್ಲನ್ನು ಒತ್ತಿಹಿಡಿಯುವ ಪ್ರೆಸ್ ಬೇಡ. ಬಿಲ್ಲಿನ ತೂಕ ಬರೀ 3.2 ಪೌಂಡ್. ಹತ್ತು ವರ್ಷದ ಮಗು ತೋಳು ಚಾಚಿ ಹಿಡಿಯಬೇಕಲ್ವಾ, ಅಲ್ಲಿ ಈ ಹಗುರ ಬಹಳ ಮುಖ್ಯ.

ಒಂದು ವಿಷಯ ಮಾತ್ರ ಗೊತ್ತಿರಲಿ. ಉದ್ದ ಕಡಿಮೆ ಇಟ್ಟಾಗ ಸಿಗುವ ಗರಿಷ್ಠ ಭಾರವೂ ಕಡಿಮೆಯಾಗುತ್ತದೆ. ಚಿಕ್ಕ ಮಗುವಿನ ಅಳತೆಯಲ್ಲಿ 70 ಪೌಂಡ್ ಬರುವುದಿಲ್ಲ. ಬರಲೂಬಾರದು.

ಎಲ್ಲವನ್ನೂ ಬದಲಾಯಿಸಬಹುದಾದ ಈ ಬಿಲ್ಲಿನಲ್ಲಿ ಬದಲಾಯಿಸಲಾಗದ್ದು ಎಡಗೈ ಬಲಗೈ. ಅದನ್ನು ತೀರ್ಮಾನಿಸುವುದು ಕೈಗಿಂತ ಹೆಚ್ಚಾಗಿ ಕಣ್ಣು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ಚಿಕ್ಕ ಕಿಂಡಿ ಮಾಡಿ, ದೂರದ ಒಂದು ವಸ್ತು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಯ ಕಣ್ಣು. ಮಗಳದು, ಹೆಂಡತಿಯದು ಬಲಗಣ್ಣು. ಮಗ ಬಲಗೈಯಲ್ಲಿ ಬರೆಯುವವನು, ಆದರೆ ಗುರಿ ಎಡಗಣ್ಣಿನದು. ಅವನಿಗೆ ಎಡಗೈ ಬಿಲ್ಲು ಬೇರೆಯೇ ಬೇಕಾಯಿತು. ತಗೊಳ್ಳುವ ಮೊದಲು ಮನೆಯವರೆಲ್ಲರ ಕಣ್ಣು ನೋಡಿಬಿಡಿ.

ಎಳೆಯುವ ಉದ್ದದಲ್ಲಿ ನಮಗೆ ತೊಂದರೆ ಬಂದದ್ದು ಬಿಲ್ಲಿನಿಂದಲ್ಲ, ಒಂದು ಅಂಗಡಿಯಿಂದ. ಮಗಳು ಹೇಗೂ ಬೆಳೆಯುತ್ತಾಳೆ ಅಂತ ಅಲ್ಲಿ ಅಳತೆಗಿಂತ ಉದ್ದಕ್ಕೇ ಇಟ್ಟುಕೊಟ್ಟರು. ಹೆದೆ ಅವಳ ಮುಂಗೈಗೆ ಬಡಿದು ಕೆಂಪು ಬರೆ ಬಂತು. ಬಿಲ್ಲು ಮುಟ್ಟಲೇ ಹೆದರಿದಳು. ಮನೆಯಲ್ಲಿ ತೋಳು ಅಗಲಿಸಿ ನಿಲ್ಲಿಸಿ, ತುದಿಯಿಂದ ತುದಿಗೆ ಅಳೆದು, ಅದನ್ನು 2.5ರಿಂದ ಭಾಗಿಸಿದೆ. ಬಂದ ಅಳತೆಗೆ ಇಟ್ಟ ಮೇಲೆ ಬಡಿಯುವುದು ನಿಂತಿತು. ಹೆದರಿಕೆ ಹೋಗಲು ಮಾತ್ರ ಒಂದು ಬೇಸಿಗೆ ಬೇಕಾಯಿತು. ಕಲಿಯುವವರ ಮೊದಲ ನೋವು ಸಣ್ಣದಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಭಾರದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅಪ್ಪಂದಿರು ಎಡವುವುದು ಇಲ್ಲೇ. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ಬಿಲ್ಲಿಗೆ ಕನಿಷ್ಠ 30 ಪೌಂಡ್ ಭಾರ ಇರಬೇಕು. ಬಾಣದ ಬ್ರಾಡ್‌ಹೆಡ್, ಅಂದರೆ ತುದಿಯ ಹರಿತವಾದ ಅಲಗು, ಕನಿಷ್ಠ 7/8 ಇಂಚು ಅಗಲ ಇರಬೇಕು. ಈ 30 ಮುಟ್ಟಿಸುವ ಆತುರದಲ್ಲಿ ಮಕ್ಕಳ ಭುಜ ಕೆಡಿಸುವವರನ್ನು ನೋಡಿದ್ದೇನೆ. ಒಂದು ಸುಲಭ ಪರೀಕ್ಷೆ ಇದೆ. ಕುರ್ಚಿಯಲ್ಲಿ ಕೂತು, ಪಾದ ನೆಲದಿಂದ ಎತ್ತಿ, ಬಿಲ್ಲನ್ನು ನೇರ ಮುಂದೆ ಹಿಡಿದು ಎಳೆಯಲು ಹೇಳಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ ನಿಧಾನವಾಗಿ ಎಳೆದರೆ ಆ ಭಾರ ಸರಿ. ಎತ್ತಿದರೆ ಜಾಸ್ತಿಯಾಯಿತು ಅಂತ ಅರ್ಥ. ಅಲೆನ್ ಕೀ ತಗೊಂಡು ಮೇಲಿನ, ಕೆಳಗಿನ ಬೋಲ್ಟ್ ಎರಡನ್ನೂ ಒಂದೇ ಸಮ ಸಡಿಲಿಸಿ. ಮಗಳು 15 ಪೌಂಡ್‌ನಲ್ಲಿ ಶುರುಮಾಡಿ, ಚಳಿಗಾಲದಲ್ಲಿ ಒಳಾಂಗಣದ ರೇಂಜ್, ಬೇಸಿಗೆಯಲ್ಲಿ ಹಿತ್ತಲು ಅಂತ ಹೊಡೆಯುತ್ತಾ, ತಾನೇ ಕೇಳಿ ಕೇಳಿ ಏರಿಸಿಕೊಂಡಳು. ಈಗ 40ರ ಮೇಲಿದ್ದಾಳೆ.

40 ಪೌಂಡ್ ಸಾಕಾ? ಸಾಕು, ದೂರ ಹತೋಟಿಯಲ್ಲಿದ್ದರೆ. ಪ್ಯಾಕೆಟ್ ಮೇಲೆ ಬರೆದಿರುವ ಸೆಕೆಂಡಿಗೆ 310 ಅಡಿ ವೇಗವನ್ನು ಮರೆತುಬಿಡಿ. ಅದು 70 ಪೌಂಡ್, 30 ಇಂಚು, ಹಗುರ ಬಾಣದ ಲೆಕ್ಕ. ಮಗುವಿನ ಕೈಯಲ್ಲಿ ವೇಗ ತುಂಬಾ ಕಡಿಮೆ. ನಾವು ಸ್ವಲ್ಪ ತೂಕದ ಬಾಣ, ತಾಗಿದ ಕೂಡಲೇ ಕತ್ತರಿಸುವ ಸ್ಥಿರ ಅಲಗಿನ ಬ್ರಾಡ್‌ಹೆಡ್ ಬಳಸುತ್ತೇವೆ. ತಾಗಿದ ಮೇಲೆ ಬಿಚ್ಚಿಕೊಳ್ಳುವ ಅಲಗುಗಳು ಬಾಣದ ಬಲವನ್ನು ಅಲ್ಲೇ ತಿಂದುಬಿಡುತ್ತವೆ. 20 ಗಜದೊಳಗೆ ಮಾತ್ರ. ಜಿಂಕೆ ಅಡ್ಡಲಾಗಿ ನಿಂತಿರಬೇಕು, ಅಥವಾ ಸ್ವಲ್ಪ ಆಚೆ ತಿರುಗಿರಬೇಕು. ಗುರಿ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಮುಖಾಮುಖಿ ನಿಂತಿದ್ದರೆ ಬಿಡಬಾರದು. ಬಾಣ ಬಿಡದೆ ಮನೆಗೆ ಬಂದ ಸಂಜೆಗಳೇ ನಮ್ಮಲ್ಲಿ ಜಾಸ್ತಿ. ಆ ತಾಳ್ಮೆ ಮಗಳಿಗೆ ಬಂದದ್ದು ನನಗೆ ಜಿಂಕೆ ಸಿಕ್ಕಿದ್ದಕ್ಕಿಂತ ದೊಡ್ಡ ಸಂತೋಷ.

ಮೊದಲ ಸೀಸನ್‌ಗಳಲ್ಲಿ ಮರದ ಮೇಲೆ ಕೂರಿಸಲಿಲ್ಲ. ನೆಲದ ಮೇಲಿನ ಬ್ಲೈಂಡ್, ಅಂದರೆ ಕಿಟಕಿ ಇರುವ ಬಟ್ಟೆಯ ಡೇರೆ. ಒಳಗೆ ಕುರ್ಚಿ, ಕಂಬಳಿ, ಚಕ್ಕುಲಿ. ಮಕ್ಕಳು ಅಲುಗಾಡಿದರೂ ಜಿಂಕೆಗೆ ಕಾಣುವುದಿಲ್ಲ. ಮರದ ಸ್ಟ್ಯಾಂಡ್‌ಗೆ ಹೋಗುವ ಕಾಲಕ್ಕೆ ಮೈಗೆಲ್ಲ ಕಟ್ಟುವ ಹಾರ್ನೆಸ್ ಮತ್ತು ನೆಲದಿಂದಲೇ ಕ್ಲಿಪ್ ಹಾಕುವ ಹಗ್ಗ ಕಡ್ಡಾಯ. ಬಿಲ್ಲಿಗಿಂತ ಮೊದಲು ಅದಕ್ಕೆ ದುಡ್ಡು ಎತ್ತಿಡಿ.

ಕಾನೂನಿನ ಕಡೆ, 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಅದು ಇಲ್ಲದವರು ಮೆಂಟರ್ಡ್ ಲೈಸೆನ್ಸ್ ಪಡೆದು, ಅರ್ಹ ಹಿರಿಯರ ಕೈಗೆಟಕುವಷ್ಟು ಹತ್ತಿರವೇ ಇದ್ದು ಬೇಟೆಯಾಡಬಹುದು. ಮಗಳು ಹಾಗೆಯೇ ಶುರುಮಾಡಿದ್ದು. ನಾನು ಮತ್ತು ಹೆಂಡತಿ ಕೋರ್ಸಿಗೆ ಒಟ್ಟಿಗೆ ಹೋದೆವು. ವೀಸಾದಲ್ಲಿರುವ ನಮ್ಮ ಹುಡುಗರು ಬಿಲ್ಲು ಇಟ್ಟುಕೊಂಡರೆ ಬಂದೂಕಿನ ಕಾನೂನು ಬರುತ್ತದಾ ಅಂತ ಕೇಳುತ್ತಿರುತ್ತಾರೆ. ಬಿಲ್ಲು ಇಲ್ಲಿನ ಕೇಂದ್ರ ಕಾನೂನಿನಲ್ಲಿ ಬಂದೂಕಿನ ಲೆಕ್ಕಕ್ಕೆ ಬರುವುದಿಲ್ಲ. ಬೇಟೆಯ ಲೈಸೆನ್ಸ್ ಮಾತ್ರ ಬೇಕೇ ಬೇಕು.

ಹೆಂಡತಿಯ ವಿಷಯ. ಗುರಿಯಲ್ಲಿ ಅವಳು ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಬ್ಲೈಂಡ್‌ನಲ್ಲಿ ಗಂಟೆಗಟ್ಟಲೆ ಕೂರುತ್ತಾಳೆ, ಗಾಳಿ ಯಾವ ಕಡೆ ಅಂತ ನನಗಿಂತ ಮೊದಲು ಹೇಳುತ್ತಾಳೆ. ಆದರೆ ಜಿಂಕೆಗೆ ಬಾಣ ಬಿಡುವುದಿಲ್ಲ. "ನನಗೆ ಇಷ್ಟು ಸಾಕು ಕಣ್ರೀ" ಅಂದಳು. ನಾವು ಮತ್ತೆ ಕೇಳಿಲ್ಲ. ಮನೆಯವರನ್ನು ಕರೆತರುವುದು ಅಂದರೆ ಎಲ್ಲರನ್ನೂ ಕೊಲ್ಲುವ ಹಂತಕ್ಕೆ ತರುವುದಲ್ಲ. ಬರುವವರು ಎಲ್ಲಿ ನಿಲ್ಲಬೇಕು ಅಂತ ಅವರೇ ಹೇಳಬೇಕು.

ಮಗಳ ಮೊದಲ ಜಿಂಕೆಯ ದಿನ ಬಾಣ ತಾಗಿದ ಮೇಲೆ ಅರ್ಧ ಗಂಟೆ ಕದಲಲಿಲ್ಲ. ಬೇಗ ಹೋದರೆ ಪ್ರಾಣಿ ಎದ್ದು ದೂರ ಓಡುತ್ತದೆ. ಆಮೇಲೆ ರಕ್ತದ ಜಾಡು ಹಿಡಿದದ್ದು ಅವಳೇ. ಅತ್ತಳು. ನಾನು ತಡೆಯಲಿಲ್ಲ. ಹೊಡೆದ ಜಿಂಕೆಯ ನೋಂದಣಿಯನ್ನು ಮರುದಿನ ಸಂಜೆ 5ರೊಳಗೆ ಮಾಡಬೇಕು, ಅದನ್ನೂ ಅವಳ ಕೈಯಲ್ಲೇ ಮಾಡಿಸಿದೆ. ನಮ್ಮ ಭಾಗದ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಎಂಬ ಮಿದುಳಿನ ರೋಗವಿದೆ, 2002ರಲ್ಲಿ ಪತ್ತೆಯಾದದ್ದು. ರಾಜ್ಯದ ಇಲಾಖೆ ಉಚಿತವಾಗಿ ಪರೀಕ್ಷೆ ಮಾಡುತ್ತದೆ. ತಲೆಯನ್ನು ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಲೇಬೇಡಿ. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ. ಕರಿಮೆಣಸು, ಕಾಚಂಪುಳಿ ಹಾಕಿ ಮಾಡಿದರೆ ಚೆನ್ನಾಗಿ ಹೊಂದುತ್ತದೆ.

ಇಷ್ಟು ವರ್ಷಕ್ಕೆ ಬಿಲ್ಲಿಗೆ ಮಾಡಿಸಿದ್ದು ಹೆಚ್ಚಿಲ್ಲ. ಹೆದೆಗೆ ಆಗಾಗ ಮೇಣ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಹೆದೆ. ಉದ್ದ ಬದಲಾಯಿಸಿದಾಗಲೆಲ್ಲ ಪೀಪ್ (ಹೆದೆಯಲ್ಲಿ ಕೂರಿಸಿದ, ಕಣ್ಣಿಟ್ಟು ನೋಡುವ ಪುಟ್ಟ ಕಿಂಡಿ) ಮತ್ತು ಸೈಟ್ (ಬಿಲ್ಲಿನ ಮೇಲಿನ ಗುರಿ ಸಾಧನ) ಮತ್ತೆ ಹೊಂದಿಸಬೇಕು. ಹಾಗಾಗಿ ಸೀಸನ್ ಮಧ್ಯೆ ಒಂದೇ ಬಿಲ್ಲನ್ನು ಇಬ್ಬರು ಹಂಚಿಕೊಳ್ಳಲು ಆಗುವುದಿಲ್ಲ. ಹಿತ್ತಲಲ್ಲಿ ಸುಮ್ನೆ ಕಲಿಯಲು ಸರಿ, ಬೇಟೆಗೆ ಒಬ್ಬರಿಗೆ ಒಂದು. ಚಕ್ರದಿಂದ ಚಕ್ರಕ್ಕೆ 31 ಇಂಚು ಇರುವ ಈ ಬಿಲ್ಲು ಉದ್ದ ತೋಳಿನ ದೊಡ್ಡವರಿಗೆ ಸ್ವಲ್ಪ ಗಿಡ್ಡ. ನಾನು ಬೇರೆಯದನ್ನೇ ಬಳಸುತ್ತೇನೆ. ಬೇಟೆ ಬೇಡ, ಬರೀ ಗುರಿ ಸಾಕು ಅನ್ನುವ ಮಕ್ಕಳಿಗೆ 10ರಿಂದ 20 ಪೌಂಡ್‌ನ ಜೆನೆಸಿಸ್ ಬಿಲ್ಲು ಒಳ್ಳೆಯದು, ಶಾಲೆಗಳ ಬಿಲ್ಲುಗಾರಿಕೆ ಕಾರ್ಯಕ್ರಮದಲ್ಲಿ ಇರುವುದೂ ಅದೇ.

ಹೊಸದಕ್ಕೆ ನಾನು ಕೊಟ್ಟದ್ದು 400 ಡಾಲರ್ ಆಸುಪಾಸು. ಮಕ್ಕಳು ಬೆಳೆದ ಮನೆಗಳಿಂದ ಹಳೆಯವು ಎಷ್ಟೋ ಕಡಿಮೆಗೆ ಸಿಗುತ್ತವೆ. ಆದರೆ ಬಾಣವಿಲ್ಲದೆ ಹೆದೆ ಎಳೆದು ಬಿಟ್ಟಿದ್ದ ಬಿಲ್ಲಾಗಿದ್ದರೆ ಅಪಾಯ. ಲಿಂಬ್‌ಗಳ, ಅಂದರೆ ಬಿಲ್ಲಿನ ಬಾಗುವ ತೋಳುಗಳ ಮೇಲೆ ಹತ್ತಿ ಉಜ್ಜಿ ನೋಡಿ, ಎಳೆ ಸಿಕ್ಕಿಕೊಂಡರೆ ಬಿರುಕಿದೆ. ಕ್ಯಾಮ್ ಸೊಟ್ಟಗಿದೆಯಾ, ಹೆದೆ ಎಳೆ ಬಿಟ್ಟಿದೆಯಾ ನೋಡಿ. ಸಂಶಯ ಬಂದರೆ ಎಷ್ಟೇ ಅಗ್ಗ ಇರಲಿ, ಬೇಡ.