ರದ್ದತಿಗೆ ಉಳಿದಿದ್ದ ನಾಲ್ಕು ದಿನ: ಮಂಗಳೂರಿನ ಒಂದು ಪ್ರವಾಸ ಕಚೇರಿಯ ಸೇವೆಯ ಬಗ್ಗೆ

ಹೋಟೆಲಿನ ಕೋಣೆ ಹೇಗಿತ್ತು, ಚಾಲಕ ಹೇಳಿದ ಸಮಯಕ್ಕೆ ಬಂದನೇ, ರಾತ್ರಿ ಊಟಕ್ಕೆ ಅನ್ನ ಸಿಕ್ಕಿತೇ ಎಂಬ ಪ್ರಶ್ನೆಗಳಿಗೆ ಈ ವಿಮರ್ಶೆಯಲ್ಲಿ ಉತ್ತರವಿಲ್ಲ, ಏಕೆಂದರೆ ನಾವು ಹೋಗಲೇ ಇಲ್ಲ. ಕಾಯ್ದಿರಿಸಿದ ಪ್ರವಾಸವನ್ನು ಕೈಬಿಡಬೇಕಾಗಿ ಬಂದಾಗ ಬಲ್ಮಠ ರಸ್ತೆಯ ಒಂದು ಪ್ರವಾಸ ಕಚೇರಿ ನಮ್ಮೊಡನೆ ಹೇಗೆ ನಡೆದುಕೊಂಡಿತು ಎಂಬುದಷ್ಟೇ ಇಲ್ಲಿಯ ವಿಷಯ. ಕಚೇರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನಗೆ ಸಹಾಯ ಮಾಡಿದ ಸಿಬ್ಬಂದಿ ಅಲ್ಲಿ ಇರುವುದೇ ನಾಲ್ಕೈದು ಮಂದಿಯಲ್ಲಿ ಒಬ್ಬರು. ಅವರು ಮಾಡಿದ ಉಪಕಾರ ಅವರಿಗೇ ತೊಂದರೆಯಾಗಬಾರದು.

ರಾಜಸ್ಥಾನ ನನ್ನ ಆಸೆ. ಜೈಪುರ, ಜೋಧಪುರ, ಜೈಸಲ್ಮೇರ್, ಉದಯಪುರಗಳನ್ನು ಏಳು ರಾತ್ರಿಗಳಲ್ಲಿ ಮುಗಿಸುವ ಪ್ಯಾಕೇಜನ್ನು 2025ರ ಆಗಸ್ಟ್‌ನಲ್ಲಿ ಗೊತ್ತುಮಾಡಿದ್ದೆವು. ಡಿಸೆಂಬರ್ 20ಕ್ಕೆ ಹೊರಡಬೇಕಿತ್ತು. ನಾಲ್ಕು ಮಂದಿಗೆ ಪ್ಯಾಕೇಜಿನ ಬೆಲೆ 1,12,000 ರೂಪಾಯಿ. ಅದರ ಅರ್ಧ, ಅಂದರೆ 56,000 ರೂಪಾಯಿಯನ್ನು ಮುಂಗಡವಾಗಿ ಕೊಟ್ಟಿದ್ದೆವು, ಉಳಿದರ್ಧವನ್ನು ಹೊರಡುವ 21 ದಿನ ಮೊದಲು ಕೊಡಬೇಕಿತ್ತು. ಬಜಪೆಯಿಂದ ಬೆಂಗಳೂರಿನ ಮೂಲಕ ಜೈಪುರಕ್ಕೆ ಹೋಗುವ ಮತ್ತು ಉದಯಪುರದಿಂದ ಮುಂಬಯಿ ಮೂಲಕ ಮರಳುವ ಎಂಟು ವಿಮಾನ ಟಿಕೆಟುಗಳಿಗೆ 58,400 ರೂಪಾಯಿಯನ್ನು ಪೂರ್ತಿ ಕಟ್ಟಿ ಆಗಿತ್ತು. ಆ ಹೊತ್ತಿನಲ್ಲಿ ಕಚೇರಿಯವರ ಮೇಲೆ ದೂರುವಂಥದ್ದು ಏನೂ ಇರಲಿಲ್ಲ. ಕಾಫಿ ಕೊಟ್ಟರು, ನಕಾಶೆ ತೋರಿಸಿದರು, ನಗುತ್ತ ರಸೀದಿ ಬರೆದರು. ಹಣ ಕೊಡಲು ಬಂದವರನ್ನು ಯಾವ ಅಂಗಡಿಯವರು ತಾನೇ ನಗುತ್ತ ಮಾತನಾಡಿಸುವುದಿಲ್ಲ?

ಬೆಂಗಳೂರಿನ ಕಂಪನಿಯೊಂದಕ್ಕೆ ಸುರತ್ಕಲ್‌ನ ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನ್ನ ಯಜಮಾನರಿಗೆ ನವೆಂಬರ್ 14ರ ಶುಕ್ರವಾರ ಸಂಜೆ ಹದಿನೈದು ನಿಮಿಷದ ಒಂದು ವಿಡಿಯೋ ಕರೆಯಲ್ಲಿ, ಆ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ ಎಂದು ತಿಳಿಸಲಾಯಿತು. ಎರಡು ತಿಂಗಳ ಮೂಲ ವೇತನ ಕೊಡುವುದಾಗಿ ಹೇಳಿದರು, ಯಾವಾಗ ಎಂದು ಹೇಳಲಿಲ್ಲ. ಶನಿವಾರ, ಭಾನುವಾರ ನಾವು ಪ್ರವಾಸದ ಮಾತನ್ನೇ ಎತ್ತಲಿಲ್ಲ. ಅವರು ನನ್ನ ಬೇಸರಕ್ಕೆ ಹೆದರಿ ಸುಮ್ಮನಿದ್ದರು, ನಾನು ಅವರ ಬೇಸರಕ್ಕೆ ಹೆದರಿ ಸುಮ್ಮನಿದ್ದೆ. ಸೋಮವಾರ ಶಾಲೆ ಬಿಟ್ಟ ಮೇಲೆ ನಾನು ಯಾರಿಗೂ ಹೇಳದೆ ಬಸ್ಸು ಹಿಡಿದು ಜ್ಯೋತಿ ಸ್ಟಾಪಿನಲ್ಲಿ ಇಳಿದು ಕಚೇರಿಗೆ ಹೋದೆ. ಹೊರಡುವ ದಿನಕ್ಕೆ ಅಂದು ಸರಿಯಾಗಿ 33 ದಿನ ಉಳಿದಿತ್ತು, ಆದರೆ ಆ ಸಂಖ್ಯೆಗೆ ಎಷ್ಟು ಬೆಲೆಯಿದೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿ ಕುಳಿತ ಮೇಲೆ.

ಅವರ ಕರಾರಿನ ನಾಲ್ಕನೆಯ ಪುಟದಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ರದ್ದತಿಯ ಹಂತಗಳಿವೆ. 45 ದಿನಕ್ಕಿಂತ ಮೊದಲು ರದ್ದು ಮಾಡಿದರೆ ಶೇಕಡ 10, 45ರಿಂದ 30 ದಿನದೊಳಗಾದರೆ ಶೇಕಡ 25, 29ರಿಂದ 15 ದಿನದೊಳಗಾದರೆ ಶೇಕಡ 50, ಅದಕ್ಕಿಂತ ತಡವಾದರೆ ಪೂರ್ತಿ ಹಣ ಕಡಿತ. ನಾನು ಆಗಸ್ಟ್‌ನಲ್ಲಿ ಇದನ್ನು ಓದಿದ್ದೆ. ಓದಿಯೂ ಒಂದು ಅಂಶವನ್ನು ತಪ್ಪಾಗಿ ತಿಳಿದಿದ್ದೆ. ಕಡಿತವನ್ನು ನಾವು ಕೊಟ್ಟ ಮುಂಗಡದ ಮೇಲೆ ಲೆಕ್ಕ ಹಾಕುವುದಿಲ್ಲ, ಪ್ಯಾಕೇಜಿನ ಪೂರ್ತಿ ಬೆಲೆಯ ಮೇಲೆ ಹಾಕುತ್ತಾರೆ. ಆದ್ದರಿಂದ ಶೇಕಡ 25 ಎಂದರೆ 14,000 ಅಲ್ಲ, 28,000. ಶೇಕಡ 50 ಎಂದರೆ ನಾವು ಕೊಟ್ಟ 56,000 ರೂಪಾಯಿಯೂ ಮುಗಿಯಿತು ಎಂದರ್ಥ. ನಾನು ಬಳಿಕ ವಿಚಾರಿಸಿದ ಇನ್ನೆರಡು ಕಚೇರಿಗಳಲ್ಲಿಯೂ ಪದ್ಧತಿ ಹೀಗೆಯೇ ಇತ್ತು. ಪದ್ಧತಿಯ ಮೇಲೆ ನನ್ನ ತಕರಾರಿಲ್ಲ. ಕನ್ನಡದಲ್ಲಿ ಮಾತನಾಡಿ ಮಾರಿದ ಪ್ಯಾಕೇಜಿಗೆ ಈ ಒಂದು ಸಾಲನ್ನು ಕನ್ನಡದಲ್ಲಿ ಬರೆದುಕೊಡಬಹುದಿತ್ತು ಎಂಬುದಷ್ಟೇ ತಕರಾರು.

ನಾನು ಮಾತನಾಡಿದ ಸಿಬ್ಬಂದಿ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕಾರಣ ಕೇಳಲಿಲ್ಲ, ನಾನೇ ಹೇಳಿದಾಗ ಮುಖದಲ್ಲಿ ಕನಿಕರ ತೋರಿಸಲೂ ಇಲ್ಲ. ಆ ಸಂಜೆ ಅದು ಎಷ್ಟು ದೊಡ್ಡ ಉಪಕಾರವಾಗಿತ್ತೆಂದು ಅವರಿಗೆ ತಿಳಿದಿರಲಾರದು. ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿ, "ಟೀಚರ್, ಗುರುವಾರ 20ನೇ ತಾರೀಕಿಗೆ 30 ದಿನ ಆಗ್ತದೆ. ಸಂಜೆ ಐದು ಗಂಟೆಯ ಒಳಗೆ ಈಮೇಲ್ ಕಳಿಸಬೇಕು. ಫೋನಲ್ಲಿ ಹೇಳಿದರೆ ಲೆಕ್ಕಕ್ಕೆ ಬರುವುದಿಲ್ಲ, ನನ್ನ ಹತ್ತಿರ ಹೇಳಿದರೂ ಬರುವುದಿಲ್ಲ" ಎಂದರು. ಶುಕ್ರವಾರಕ್ಕೆ ದಾಟಿದರೆ 28,000 ರೂಪಾಯಿ ಹೆಚ್ಚು ಹೋಗುತ್ತದೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ತಮ್ಮ ಕಚೇರಿಗೆ ನಷ್ಟವಾಗುವ ಮಾಹಿತಿಯನ್ನು ಕೇಳದೆಯೇ ಕೊಟ್ಟ ಈ ಒಂದು ನಡತೆಗಾಗಿ ನಾನು ಇಡೀ ಕಚೇರಿಗೆ ಎರಡು ಅಂಕ ಹೆಚ್ಚು ಕೊಡುತ್ತೇನೆ.

ಅವರು ಮುದ್ರಿಸಿಕೊಟ್ಟ ಲೆಕ್ಕದ ಹಾಳೆಯಲ್ಲಿ ಮಾತ್ರ ಒಂದು ದೋಷವಿತ್ತು. ಹೋಗುವ ನಾಲ್ಕು ಟಿಕೆಟುಗಳಿಗೆ ವಿಮಾನ ಸಂಸ್ಥೆಯ ಶುಲ್ಕ ಮತ್ತು ಕಚೇರಿಯ 300 ರೂಪಾಯಿ ಕಳೆದು ತಲಾ 3,000 ರೂಪಾಯಿ ಮರಳುತ್ತದೆ ಎಂದು ತೋರಿಸಿದ್ದರು. ಮರಳುವ ನಾಲ್ಕು ಟಿಕೆಟುಗಳು ಅಗ್ಗದ ದರದ "ನಾನ್ ರಿಫಂಡಬಲ್" ಆದ್ದರಿಂದ ಅವುಗಳ ಮುಂದೆ ಸೊನ್ನೆ ಇತ್ತು. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಮರುಪಾವತಿ ಇಲ್ಲದ ಟಿಕೆಟಾದರೂ ಶಾಸನಬದ್ಧ ತೆರಿಗೆಗಳನ್ನು ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ಪ್ರಯಾಣಿಕರಿಗೆ ಮರಳಿಸಲೇಬೇಕು. ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತೆಯೂ ಇಲ್ಲ. ಮರುದಿನ ಫೋನಿನಲ್ಲಿ ಇದನ್ನು ಹೇಳಿದಾಗ ವ್ಯವಸ್ಥಾಪಕರು ಮೊದಲು "ಅದೆಲ್ಲ ಸಿಗುವುದಿಲ್ಲ ಮೇಡಂ" ಎಂದರು, ಅರ್ಧ ಗಂಟೆಯ ಬಳಿಕ ತಾವೇ ಕರೆಮಾಡಿ ಟಿಕೆಟಿಗೆ 1,150ರಂತೆ 4,600 ರೂಪಾಯಿ ಸಿಗುತ್ತದೆ ಎಂದು ಒಪ್ಪಿಕೊಂಡರು. ದಿನಕ್ಕೆ ಹತ್ತಾರು ಟಿಕೆಟು ಮಾಡುವ ಕಚೇರಿಗೆ ಇದು ತಿಳಿಯದ ವಿಷಯ ಎಂದು ನಂಬುವುದು ಕಷ್ಟ.

ಹೀಗೆ ಲೆಕ್ಕ ಒಂದು ರೂಪಕ್ಕೆ ಬಂತು. ಕೊಟ್ಟದ್ದು 1,14,400, ರದ್ದು ಮಾಡಿದರೆ ಮರಳುವುದು 44,600, ಕಳೆದುಕೊಳ್ಳುವುದು 69,800. ಯಜಮಾನರು ಈ ಕೊನೆಯ ಸಂಖ್ಯೆಯನ್ನೇ ಹಿಡಿದು ಕುಳಿತರು. "ಎಪ್ಪತ್ತು ಸಾವಿರ ನೀರಿಗೆ ಹಾಕುವುದಕ್ಕಿಂತ ಹೋಗಿ ಬರುವುದು ಮೇಲಲ್ಲವಾ" ಎಂಬುದು ಅವರ ವಾದ. ನನಗೂ ಮೊದಲ ರಾತ್ರಿ ಹಾಗೆಯೇ ಅನಿಸಿತ್ತು. ಆದರೆ ನಾವು ಹೋದರೂ ಹೋಗದಿದ್ದರೂ ಆ ಹಣ ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿದ್ದದ್ದು ಬೇರೆ ಮೊತ್ತ: ಮರಳಿ ಬರುವ 44,600, ಇನ್ನೂ ಕೊಡದೆ ಉಳಿದ 56,000, ಮತ್ತು ಅಲ್ಲಿಗೆ ಹೋದರೆ ಊಟ, ಪ್ರವೇಶ ಶುಲ್ಕ, ಒಂಟೆ ಸವಾರಿ, ಅತ್ತೆಗೆ ಒಂದು ಸೀರೆ ಎಂದು ಖರ್ಚಾಗುವ ಸುಮಾರು 35,000. ಕೂಡಿದರೆ 1,35,600. ನನ್ನ ಸಂಬಳ 38,000, ಸಾಲದ ಕಂತು ಸೇರಿ ಮನೆಯ ತಿಂಗಳ ಖರ್ಚು 62,000. ತಿಂಗಳಿಗೆ 24,000 ರೂಪಾಯಿಯ ಕೊರತೆ. ಆ ಕೊರತೆಯಿಂದ ಭಾಗಿಸಿದರೆ ಪ್ರವಾಸದ ಬೆಲೆ ರೂಪಾಯಿಯಲ್ಲಿ ಇರಲಿಲ್ಲ, ಐದೂವರೆ ತಿಂಗಳಿಗಿಂತ ಸ್ವಲ್ಪ ಹೆಚ್ಚು ಇತ್ತು. ಈ ಭಾಗಾಕಾರವನ್ನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಮಾಡಿದ್ದೆ. ಯಜಮಾನರು ಅದನ್ನು ಎರಡು ಸಲ ತಾವೇ ಮಾಡಿ ನೋಡಿದರು.

ಅವರ ಇನ್ನೊಂದು ವಾದ ಇಷ್ಟು ಸುಲಭದ್ದಾಗಿರಲಿಲ್ಲ. ಕೆಲಸ ಇದ್ದಾಗ ರಜೆ ಸಿಗಲಿಲ್ಲ, ಹೊಸ ಕೆಲಸ ಸಿಕ್ಕಿದ ಮೇಲೆ ಮೊದಲ ಆರು ತಿಂಗಳು ರಜೆ ಕೇಳುವಂತಿಲ್ಲ, ಹಾಗಾದರೆ ನಾವು ನಾಲ್ವರೂ ಒಟ್ಟಿಗೆ ಹೊರಡುವುದು ಯಾವಾಗ ಎಂದು ಅವರು ಕೇಳಿದರು. ಮಗಳು ಪಿಯುಸಿಯಲ್ಲಿದ್ದಾಳೆ, ಇನ್ನೆರಡು ವರ್ಷಕ್ಕೆ ಮನೆ ಬಿಟ್ಟು ಹೋಗುವವಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಈ ಮಾತೇ ಕಚೇರಿಯವರ ಬದಲಿ ಸಲಹೆಯನ್ನೂ ತಳ್ಳಿಹಾಕಿತು. ವ್ಯವಸ್ಥಾಪಕರು ಬುಧವಾರ ಎರಡು ಸಲ ಕರೆಮಾಡಿ, ರದ್ದು ಮಾಡುವ ಬದಲು ಮುಂದೂಡಿ, ತಲಾ 2,000 ರೂಪಾಯಿ ಶುಲ್ಕ ಕಳೆದು ಉಳಿದ 48,000 ರೂಪಾಯಿಯನ್ನು ನಿಮ್ಮ ಹೆಸರಿನಲ್ಲಿ ಜಮಾ ಇಟ್ಟುಕೊಳ್ಳುತ್ತೇವೆ, ಒಂದು ವರ್ಷದೊಳಗೆ ಯಾವ ಪ್ಯಾಕೇಜಿಗಾದರೂ ಬಳಸಿ ಎಂದರು. ಕೇಳಲು, ರದ್ದು ಮಾಡಿದರೆ ಪ್ಯಾಕೇಜಿನಿಂದ ಮರಳುವ 28,000ಕ್ಕಿಂತ 48,000 ಚೆನ್ನಾಗಿಯೇ ಇದೆ. ಆದರೆ ಅದು ನಗದಲ್ಲ. ಬ್ಯಾಂಕಿನ ಕಂತಿಗೆ ಆ ಜಮಾ ಚೀಟಿಯನ್ನು ಕೊಡಲಾಗದು. ಹೊಸ ಪ್ಯಾಕೇಜಿಗೆ ಅಂದಿನ ದರ, ಅಂದಿನ ವಿಮಾನ ಟಿಕೆಟು. ಒಂದು ವರ್ಷದೊಳಗೆ ಕೆಲಸ ಸಿಗದಿದ್ದರೆ ಹಣವಿರುವುದಿಲ್ಲ, ಸಿಕ್ಕಿದರೆ ರಜೆ ಇರುವುದಿಲ್ಲ. ಇದನ್ನು ನಾನು ಅವರಿಗೆ ವಿವರಿಸಿದೆ. ಅವರು "ಯೋಚನೆ ಮಾಡಿ ಮೇಡಂ" ಎಂದು ಮೂರನೆಯ ಸಲವೂ ಕರೆಮಾಡಿದರು. ಸಲಹೆ ಕೊಡುವುದು ಸೇವೆ, ಮೂರನೆಯ ಕರೆ ಸೇವೆಯಲ್ಲ.

ಪ್ಯಾಕೇಜಿನೊಳಗೇ ಒಂದು ಪ್ರವಾಸ ವಿಮೆ ಸೇರಿತ್ತು. ಆಸ್ಪತ್ರೆ ಸೇರುವುದು, ಮನೆಯಲ್ಲಿ ಸಾವು, ಸಾಮಾನು ಕಳೆದುಹೋಗುವುದು ಎಲ್ಲವೂ ಅದರ ಪಟ್ಟಿಯಲ್ಲಿದ್ದವು, ಕೆಲಸ ಹೋಗುವುದು ಇರಲಿಲ್ಲ.

ನಿಜವಾಗಿ ನಮ್ಮ ತೀರ್ಮಾನವನ್ನು ಗಟ್ಟಿ ಮಾಡಿದ್ದು ಇನ್ನೊಂದು ವಿಮೆ. ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ನಾವು ನಾಲ್ವರ ಜತೆಗೆ ಅತ್ತೆ ಮಾವಂದಿರೂ ಇದ್ದರು, ಅದು ಕೆಲಸದ ಕೊನೆಯ ದಿನಕ್ಕೆ ಮುಗಿಯುವಂಥದ್ದು. ಮಾವನವರಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ. ಹೊಸದಾಗಿ ವಿಮೆ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಸಮಯ ಮೀರದೆ ವರ್ಗಾಯಿಸಿಕೊಂಡರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಆ ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದರಿಂದ ಸ್ವಲ್ಪ ಉಳಿಯಿತು, ಆದರೂ ಕಂತು ಅರುವತ್ತು ಸಾವಿರದ ಹತ್ತಿರ ಬಂತು. ಈ ಖರ್ಚು ನನ್ನ ತಿಂಗಳ ಲೆಕ್ಕದಲ್ಲಿ ಇರಲೇ ಇಲ್ಲ. ಮಾವನವರಿಗೆ ಇದನ್ನು ಹೇಳಿರಲಿಲ್ಲ, ಆದರೂ ಅವರು ಬುಧವಾರ ರಾತ್ರಿ, "ನೀವು ಮರುಸಾಗರದಲ್ಲಿ ಹೋಗಬಹುದಿತ್ತಲ್ಲ" ಎಂದು ಮಾತ್ರ ಕೇಳಿದರು.

ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ಎರ್ನಾಕುಲಂನಿಂದ ಅಜ್ಮೀರಕ್ಕೆ ವಾರಕ್ಕೊಮ್ಮೆ ಹೋಗುವ ಮರುಸಾಗರ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್, ಉಡುಪಿಯ ಮೂಲಕ ಜೈಪುರವನ್ನು ದಾಟಿಯೇ ಹೋಗುತ್ತದೆ. ನಾವು ಕಾಯ್ದಿರಿಸಿದ ಕಾಲದ ರೈಲ್ವೆ ನಿಯಮದಂತೆ, ಖಚಿತವಾದ ತೃತೀಯ ದರ್ಜೆ ಎಸಿ ಟಿಕೆಟನ್ನು ಹೊರಡುವ 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಒಬ್ಬರಿಗೆ 180 ರೂಪಾಯಿ ಮತ್ತು ಅದರ ಜಿಎಸ್‌ಟಿ ಕಳೆಯುತ್ತಿದ್ದರು. ವಿಮಾನದ ಎಂಟು ಟಿಕೆಟುಗಳಲ್ಲಿ ನಾವು ಕಳೆದುಕೊಂಡದ್ದು 41,800 ರೂಪಾಯಿ. ಆಗಸ್ಟ್‌ನಲ್ಲಿ ಕಚೇರಿಯವರು ರೈಲಿನ ಮಾತನ್ನೇ ಎತ್ತಲಿಲ್ಲ. ನಾವೂ ಕೇಳಲಿಲ್ಲ, ಎರಡು ದಿನ ಉಳಿಸುವ ಆತುರ ನಮಗೇ ಇತ್ತು.

ಗುರುವಾರ ಮಧ್ಯಾಹ್ನ ಯಜಮಾನರೇ ಈಮೇಲ್ ಕಳಿಸಿದರು. ನಾನು ಬರೆದಿಟ್ಟಿದ್ದ ಒಕ್ಕಣೆಯಲ್ಲಿ "ಅನಿವಾರ್ಯ ಕಾರಣಗಳಿಂದ" ಎಂದಿತ್ತು. ಅವರು ಅದನ್ನು ಅಳಿಸಿ "ನನ್ನ ಉದ್ಯೋಗ ಹೋಗಿರುವುದರಿಂದ" ಎಂದು ಬರೆದರು. ಹತ್ತು ನಿಮಿಷದಲ್ಲಿ ಆ ಹುಡುಗಿಯಿಂದ ಸಮಯ ಸಹಿತ ಸ್ವೀಕೃತಿ ಬಂತು. ಮಗ ಒಂಟೆಯ ವಿಷಯಕ್ಕೆ ಒಂದು ದಿನ ಊಟ ಸರಿಯಾಗಿ ಮಾಡಲಿಲ್ಲ, ಮಗಳು ಏನೂ ಹೇಳಲಿಲ್ಲ.

ಪ್ಯಾಕೇಜಿನ 28,000 ರೂಪಾಯಿ ಒಂಬತ್ತು ದಿನದಲ್ಲಿ, ಹೋಗುವ ಟಿಕೆಟಿನ 12,000 ಡಿಸೆಂಬರ್ ಎರಡನೆಯ ವಾರದಲ್ಲಿ ಖಾತೆಗೆ ಬಂದವು. ತೆರಿಗೆಯ 4,600ಕ್ಕೆ ಮಾತ್ರ ಐದು ಈಮೇಲ್ ಬರೆಯಬೇಕಾಯಿತು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡುವುದಾಗಿ ಐದನೆಯದರಲ್ಲಿ ಬರೆದ ಮೇಲೆ, ಜನವರಿಯಲ್ಲಿ ಬಂತು. ಡಿಸೆಂಬರ್ ಮೊದಲ ವಾರ ದೇಶದ ದೊಡ್ಡ ವಿಮಾನಯಾನ ಸಂಸ್ಥೆಯೊಂದರ ಸಾವಿರಾರು ವಿಮಾನಗಳು ರದ್ದಾಗಿ ಪ್ರಯಾಣಿಕರಿಗೆ ಹಣ ಮರಳಿಸುವಾಗ, "ನೀವು ಸ್ವಲ್ಪ ಕಾಯಬೇಕಿತ್ತು ಮಾರಾಯ್ರೆ" ಎಂದು ನೆರೆಮನೆಯವರು ಹೇಳಿದರು. ನಮ್ಮ ವಿಮಾನ ರದ್ದಾಗುತ್ತದೆಂದು ನಂಬಿ ಕಾಯುವುದು ಲಾಟರಿ ಟಿಕೆಟು ಹಿಡಿದು ಕುಳಿತ ಹಾಗೆ.

ಇದೇ ಸ್ಥಿತಿಯಲ್ಲಿರುವವರಿಗೆ ನಮ್ಮ ತೀರ್ಮಾನವನ್ನೇ ಮಾಡಿ ಎಂದು ಹೇಳಲಾರೆ. ಕೆಲಸ ಹೋದ ಸುದ್ದಿ ಮೂರು ವಾರ ತಡವಾಗಿ ಬಂದಿದ್ದರೆ ಪ್ಯಾಕೇಜಿನ ಪೂರ್ತಿ ಹಣ ಕಟ್ಟಿ ಆಗಿರುತ್ತಿತ್ತು, ಅದರಲ್ಲಿ ಒಂದು ರೂಪಾಯಿಯೂ ಮರಳುತ್ತಿರಲಿಲ್ಲ. ಹೋಗದೆ ಉಳಿದರೆ ಉಳಿಯುವುದು ಟಿಕೆಟಿನ 16,600 ಮತ್ತು ಅಲ್ಲಿಯ ಖರ್ಚಿನ 35,000 ಮಾತ್ರ, ಅಂದರೆ ಎರಡು ತಿಂಗಳ ಕೊರತೆಯಷ್ಟು. ಆಗ ಬಹುಶಃ ಹೋಗಿಯೇ ಬಿಡುತ್ತಿದ್ದೆವು, ಒಂಟೆ ಸವಾರಿಯನ್ನೂ ಬಿಡುತ್ತಿರಲಿಲ್ಲ.

ಕಚೇರಿಗೆ ಐದರಲ್ಲಿ ಮೂರೂವರೆ ಅಂಕ. ಹುಡುಗಿಯ ಎರಡು ಅಂಕ ಅದರಲ್ಲಿ ಸೇರಿದೆ. ಮುಂದೆ ರಾಜಸ್ಥಾನಕ್ಕೆ ಹೊರಟರೆ ಹೋಟೆಲು ಮತ್ತು ವಾಹನವನ್ನು ಅವರಿಂದಲೇ, ಅದೂ 45 ದಿನದ ಗಡಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮಾಡಿಸುತ್ತೇನೆ. ರೈಲಿನ ಟಿಕೆಟನ್ನು ಮಾವನವರು ತಾವೇ ಸುರತ್ಕಲ್ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತು ಮಾಡಿಸುತ್ತಾರಂತೆ.