ಹೆರಿಗೆಗೆ ಮುಂಚಿನ ತರಗತಿ, ಮಂಗಳೂರು: ಚೊಚ್ಚಲ ಬಸುರಿಯರು ತಪ್ಪಿಸಿಕೊಳ್ಳಬೇಡಿ

ನನ್ನ ತಂಗಿಗೆ ಇದು ಚೊಚ್ಚಲು. ಗಂಡ ದುಬೈಯಲ್ಲಿ. ಹಾಗಾಗಿ ಸುರತ್ಕಲ್‌ನಿಂದ ಅವಳನ್ನು ಮಂಗಳೂರಿನ ಆಸ್ಪತ್ರೆಯ ತರಗತಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎರಡು ಹೆತ್ತವಳು, ಆದರೂ ಅಲ್ಲಿ ಕೇಳಿದ ಅರ್ಧಕ್ಕರ್ಧ ವಿಷಯವನ್ನು ನನಗೆ ಯಾರೂ ಆಗ ಹೇಳಿರಲಿಲ್ಲ. ಆಸ್ಪತ್ರೆಯ ಹೆಸರು ಬೇಡ, ನಿಮ್ಮ ಹೆರಿಗೆ ಎಲ್ಲಿ ಅಂತ ಗೊತ್ತಾಗಿದೆಯೋ ಅಲ್ಲೇ ಇಂಥ ತರಗತಿ ಉಂಟಾ ಅಂತ ಕೇಳಿ.

ನಾವು ಹೋಗುವ ಹೊತ್ತಿಗೆ ಮನೆಯಲ್ಲಿ ದೊಡ್ಡ ಗಲಾಟೆ ಆಗಿತ್ತು. 37ನೇ ವಾರದ ತಪಾಸಣೆಯಲ್ಲಿ 'ಒಂದು ಬೆರಳು ಬಾಯಿ ಬಿಟ್ಟಿದೆ' ಅಂದಿದ್ದರು, ಅಂದರೆ ಗರ್ಭಕೋಶದ ಕೊರಳು ಒಂದು ಬೆರಳಿನಷ್ಟು ತೆರೆದಿದೆ ಅಂತ. ಅಷ್ಟಕ್ಕೇ ಅತ್ತೆಯವರು ಚೀಲ ಕಟ್ಟಿದರು, ದುಬೈಯಿಂದ ಗಂಟೆಗೊಂದು ಫೋನು. ತಂಗಿಗೆ ಮೆಟ್ಟಿಲು ಇಳಿಯಲೂ ಹೆದರಿಕೆ. ತರಗತಿ ನಡೆಸುವ ಸಿಸ್ಟರ್ ಇದನ್ನು ಕೇಳಿ ಮೊದಲು ಹೇಳಿದ್ದು: ಒಂದು, ಎರಡು ಸೆಂಟಿಮೀಟರ್ ತೆರೆದುಕೊಂಡೇ ವಾರಗಟ್ಟಲೆ ಓಡಾಡುವವರಿದ್ದಾರೆ. ಬೆಳಗ್ಗೆ ಪೂರ್ತಿ ಮುಚ್ಚಿದ್ದು ರಾತ್ರಿಗೆ ಹೆರಿಗೆ ಆದವರೂ ಇದ್ದಾರೆ. ಆ ಸಂಖ್ಯೆ ನೋಡಿ ದಿನ ಹೇಳಲು ಬರುವುದಿಲ್ಲ.

ಆಮೇಲೆ ಅವರು ಒಂದು ಬಲೂನಿನೊಳಗೆ ಪಿಂಗ್‌ಪಾಂಗ್ ಚೆಂಡು ತೂರಿಸಿ ಊದಿದರು: ಬಲೂನು ಗರ್ಭಕೋಶ, ಅದರ ಕೊರಳೇ ಗರ್ಭಕೊರಳು, ಚೆಂಡು ಮಗುವಿನ ತಲೆ. ಬಾಯಿ ಕಟ್ಟಲಿಲ್ಲ, ಚೆಂಡೇ ಒಳಗಿನಿಂದ ಕೊರಳಿಗೆ ಕೂತು ಗಾಳಿ ತಡೆಯಿತು. ಬಲೂನಿನ ಬದಿಗಳನ್ನು ಒತ್ತಿದರು. ಆಕಾರ ಬದಲಾಯಿತೇ ಹೊರತು ಕೊರಳಿಗೆ ಏನೂ ಆಗಲಿಲ್ಲ. ಇದು ಹುಸಿ ನೋವು, ಬಂದು ಹೋಗುತ್ತದೆ, ನಡೆದಾಡಿದರೆ ನೀರು ಕುಡಿದರೆ ತಗ್ಗುತ್ತದೆ ಅಂದರು. ಮತ್ತೆ ಹೆಬ್ಬೆರಳುಗಳನ್ನು ಮೇಲ್ಭಾಗಕ್ಕೆ ಇಟ್ಟು, ಬಿಟ್ಟು ಬಿಟ್ಟು ಅಮುಕಿದರು. ಉದ್ದಕ್ಕಿದ್ದ ರಬ್ಬರ್ ಕೊರಳು ಮೊದಲು ಗಿಡ್ಡವಾಯಿತು, ತೆಳ್ಳಗಾಯಿತು, ಬಲೂನಿನ ಮೈಯೊಳಗೇ ಸೇರಿಹೋಯಿತು. ಆಮೇಲೆಯೇ ಬಾಯಿ ಅಗಲವಾಗತೊಡಗಿದ್ದು. ಒಳಗಿನ ಬಿಳಿ ಚೆಂಡು ಕಾಣಿಸಿದಾಗ ಇಡೀ ಕೋಣೆ ಮುಂದಕ್ಕೆ ಬಾಗಿತ್ತು. ಚೆಂಡು ಹೊರಬಿದ್ದಾಗ ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಚೊಚ್ಚಲಲ್ಲಿ ಗರ್ಭಕೊರಳು ಸಾಮಾನ್ಯವಾಗಿ ಮೊದಲು ತೆಳುವಾಗಿ ಆಮೇಲೆ ತೆರೆಯುತ್ತದೆ, ಎರಡನೆಯದರಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಮೂಗಿನ ತುದಿಯಂತೆ ಗಟ್ಟಿ ಇದ್ದದ್ದು ತುಟಿಯಷ್ಟು ಮೆತ್ತಗಾಗಬೇಕು, ಹಿಂದಕ್ಕೆ ಮುಖಮಾಡಿದ್ದು ಮುಂದಕ್ಕೆ ಬರಬೇಕು, ಮಗುವಿನ ತಲೆ ಇಳಿಯಬೇಕು. ಬಾಯಿ ಎಷ್ಟು ತೆರೆದಿದೆ ಅನ್ನುವುದು ಡಾಕ್ಟರು ನೋಡುವ ಹಲವು ಸಂಗತಿಗಳಲ್ಲಿ ಒಂದು ಮಾತ್ರ. ಇದು ತಿಳಿದ ಮೇಲೆ ತಂಗಿಯ ಮುಖದ ಬಿಗಿ ಸಡಿಲಿದ್ದನ್ನು ನಾನೇ ಕಂಡೆ.

ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕದ ಬಗ್ಗೆಯೂ ಬಿಡಿಸಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಆ ವೇಗ ಎಲ್ಲರಿಗೂ ಹೊಂದುವುದಿಲ್ಲ ಎಂದಿದೆ. ಹೆರಿಗೆ ಬಿರುಸಾಗುವ ಹಂತ 5 ಸೆಂಟಿಮೀಟರಿನಿಂದ ಶುರು, ಅಲ್ಲಿಂದ 10ಕ್ಕೆ ಮುಟ್ಟಲು ಚೊಚ್ಚಲಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ನಂತರದವುಗಳಲ್ಲಿ 10 ಗಂಟೆ. ಅದಕ್ಕೆ ಮೊದಲಿನ ನಿಧಾನದ ಹಂತಕ್ಕೆ ಗಡಿಯಾರವೇ ಇಲ್ಲ. ನನ್ನ ಮೊದಲ ಹೆರಿಗೆಯಲ್ಲಿ 3 ಸೆಂಟಿಮೀಟರಿನಲ್ಲಿ ಬಹಳ ಹೊತ್ತು ನಿಂತದ್ದಕ್ಕೆ ನನ್ನ ದೇಹವೇ ಸರಿಯಿಲ್ಲ ಅಂತ ಅತ್ತಿದ್ದೆ. ಯಾರಾದರೂ ಇಷ್ಟು ಹೇಳಿದ್ದರೆ ಸಾಕಿತ್ತು.

ಯಾವಾಗ ಹೊರಡಬೇಕು ಅನ್ನುವುದನ್ನು ಅವರು ಎಲ್ಲರ ಬಾಯಲ್ಲೂ ಹೇಳಿಸಿದರು. ಐದು ನಿಮಿಷಕ್ಕೊಮ್ಮೆ ನೋವು, ಪ್ರತಿ ನೋವು ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಎರಡನೆಯ ಹೆರಿಗೆಯಾದರೆ, ಬೆಳ್ತಂಗಡಿ ಸುಳ್ಯದಂಥ ದೂರದವರಾದರೆ ಇನ್ನೂ ಬೇಗ. (ನಮ್ಮ ಸುರತ್ಕಲ್ ದಾರಿಯ ಕೂಳೂರು ಸೇತುವೆಯಲ್ಲಿ ಗಾಡಿಗಳು ಸಿಕ್ಕಿಕೊಳ್ಳುವುದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.) ರಕ್ತದ ಗೆರೆಯಿರುವ ಲೋಳೆ ಹೋದರೆ ಗಾಬರಿ ಬೇಡ, ಹೆರಿಗೆಗೆ ಗಂಟೆಗಳೂ ಇರಬಹುದು, ದಿನಗಳೂ ಇರಬಹುದು. ಆದರೆ ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ, ಸಮಯ ಮತ್ತು ಬಣ್ಣ ನೆನಪಿಡಿ. ಹಸಿರು ಕಂಡರೆ ತಡ ಮಾಡಲೇಬೇಡಿ. ಮುಟ್ಟಿನಂತೆ ರಕ್ತ ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, 37 ವಾರಕ್ಕೆ ಮೊದಲೇ ಲಯ ಹಿಡಿದು ನೋವು ಬಂದರೆ ಆ ಕ್ಷಣವೇ. ಗಾಡಿ ಸಿಗದಿದ್ದರೆ 108.

ತುಪ್ಪ ತಿಂದರೆ ಮಗು ಸಲೀಸಾಗಿ ಜಾರಿ ಬರುತ್ತದಂತಲ್ಲ ಎಂದು ಅತ್ತೆಯವರು ಕೇಳಿದಾಗ ಸಿಸ್ಟರ್ ತುಳುವಿನಲ್ಲೇ ಉತ್ತರಿಸಿದರು: ತುಪ್ಪ ಹೋಗುವುದು ಹೊಟ್ಟೆಗೆ, ಗರ್ಭಕೋಶಕ್ಕೆ ದಾರಿಯಿಲ್ಲ. ಹಿರಿಯರ ಮರ್ಯಾದೆಗೆ ಎಲ್ಲೂ ಕುಂದು ಬರಲಿಲ್ಲ.

ಕೊರತೆಗಳೂ ಉಂಟು. ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿ. ಹೊರಡುವ ಲಕ್ಷಣಗಳನ್ನು ಓದಬೇಕಾದ ಅತ್ತೆ, ಅಮ್ಮಂದಿರಿಗೆ ಅದರಿಂದ ಏನು ಪ್ರಯೋಜನ? ನಾನು ಅದನ್ನು ಕನ್ನಡಕ್ಕೆ ಬರೆದು ನಮ್ಮ ಫ್ರಿಜ್ ಮೇಲೆ ಅಂಟಿಸಿದೆ. ತುಂಬು ಬಸುರಿಯರಿಗೆ ಬೆನ್ನಿಗೆ ಆಧಾರವಿಲ್ಲದ ಪ್ಲಾಸ್ಟಿಕ್ ಸ್ಟೂಲು ಕೊಟ್ಟದ್ದು ಸರಿಯಲ್ಲ. ವಾರದ ನಡುವೆ ಇಟ್ಟದ್ದರಿಂದ ಗಂಡಂದಿರು ಬೆರಳೆಣಿಕೆಯಷ್ಟು. ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಬಗ್ಗೆ ಅವಸರದಲ್ಲಿ ಮುಗಿಸಿದರು; ಹುಡುಗಿಯರ ಪ್ರಶ್ನೆಗಳು ಬಹುಪಾಲು ಅದರ ಬಗ್ಗೆಯೇ ಇದ್ದವು.

ಅಲ್ಲಿ ಹೆಸರು ನೋಂದಾಯಿಸಿದವರಿಗೆ ಶುಲ್ಕವಿಲ್ಲ. ತಾಯಿ ಕಾರ್ಡ್ ಒಯ್ಯಿರಿ, ಬೆನ್ನಿಗೊಂದು ದಿಂಬೂ ಇರಲಿ. ಹೋಗುವುದಿದ್ದರೆ 32, 33ನೇ ವಾರಕ್ಕೇ ಹೋಗಿ, ಹೆರಿಗೆಯ ದಿನ ನಿಮ್ಮ ಪಕ್ಕ ಇರುವವರನ್ನೇ ಜೊತೆಗೆ ಕರೆದೊಯ್ಯಿರಿ.